ತೂಕ ನೋಡಿ ತಂದ ಡಬ್ಬಿ

ನಮ್ಮ ಹುಡುಗಿ ಕಟ್ಟಿದ ಕಂಪ್ಯೂಟರು ಮೊನ್ನೆ ಭಾನುವಾರ ಪಾವಗಡದಲ್ಲಿ ನಾಲ್ಕು ಗಂಟೆ ಹೊತ್ತು ಒಂದೇ ಸಮನೆ ಓಡಿತು. ಒಂದು ಸಲವೂ ಆರಲಿಲ್ಲ, ಒಂದು ಸಲವೂ ತಡವರಿಸಲಿಲ್ಲ. ಹುಡುಗಿ ಎಂದರೆ ನನ್ನ ಮೊಮ್ಮಗಳು, ಮಗನ ಮಗಳು. ಮಧುಗಿರಿಯ ನಮ್ಮ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕಿಟಕಿ ಕಡೆಯ ಮೇಜು ಇನ್ನು ಮೇಲೆ ಅವಳದು. ಅವಳಪ್ಪನೇ ಬಾಯಿ ಬಿಟ್ಟು ಹೇಳಿದ್ದಾನೆ. ಈ ಸುದ್ದಿಯನ್ನು ನಾನು ಹಾಲು ಹಾಕುವವಳಿಗೆ ಹೇಳಿದೆ, ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಪುರವರದಿಂದ ಸುಟ್ಟ ಮೋಟರ್ ತಂದ ರೈತನಿಗೆ ಅವನು ಅದನ್ನು ಕೆಳಗಿಳಿಸುವುದಕ್ಕೂ ಮುಂಚೆ ಹೇಳಿದೆ. ಅಷ್ಟಾದರೂ ಸಾಲದು, ಇನ್ನೂ ಹೇಳಬೇಕು ಅನ್ನಿಸುತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಆದರೆ ಅವರಲ್ಲಿ ಯಾರಿಗೂ ನಾನು ಪೂರ್ತಿ ಹೇಳಿಲ್ಲ. ಈ ಕೆಲಸ ಒಂದು ಸಲ ಕೆಟ್ಟಿತ್ತು. ಕೆಡಿಸಿದವಳು ನಾನು. ಕೆಡಿಸಿದ ಮೇಲೆ ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಕೂತವಳೂ ನಾನೇ. ಸಂತೋಷವನ್ನು ಊರೆಲ್ಲ ಹಂಚಿದ ಬಾಯಿ ಇದನ್ನೂ ಹೇಳಬೇಕಲ್ಲ.

ಗಿರಾಕಿ ಪಾವಗಡದವನು. ಅಲ್ಲಿನ ಸೋಲಾರ್ ಬಯಲಿನಲ್ಲಿ ಎಲೆಕ್ಟ್ರಿಷಿಯನ್, ವಯಸ್ಸು ಮೂವತ್ತರ ಆಸುಪಾಸು. ಪಂಪು, ಟೇಬಲ್ ಫ್ಯಾನು ಸುಟ್ಟರೆ ನಮ್ಮಲ್ಲಿಗೇ ತರುತ್ತಿದ್ದ. ಬಿಡುವು ಸಿಕ್ಕಿದರೆ ಕಂಪ್ಯೂಟರಿನಲ್ಲಿ ಆಟ ಆಡುವುದು ಅವನ ಹುಚ್ಚು. ಐದು ಜನರ ತಂಡವಂತೆ, ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಕೂತು ಒಟ್ಟಿಗೆ ಆಡುತ್ತಾರಂತೆ. ಇವನ ಹಳೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ತಡೆದು ತಡೆದು ಬರುತ್ತಿತ್ತು. ಇವನು ಗುರಿ ಹಿಡಿಯುವಷ್ಟರಲ್ಲಿ ಎದುರಿನವನು ಹೊಡೆದು ಮುಗಿಸಿರುತ್ತಿದ್ದ. ತಂಡದವರು ಬೇರೆ ಆಳು ನೋಡಿಕೊಳ್ಳುತ್ತೇವೆ ಎಂದಿದ್ದರು. ತಿಂಗಳ ಕೊನೆಯ ಭಾನುವಾರ ಪಂದ್ಯ. ಅಷ್ಟರೊಳಗೆ ಒಳ್ಳೆಯ ಯಂತ್ರ ಬೇಕು, ದುಡ್ಡು ಕೂಡಿಟ್ಟಿದ್ದೇನೆ ಎಂದು ಬಂದ.

ಮೊಮ್ಮಗಳು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು. ಅಲ್ಲಿ ಇಲ್ಲಿ ಶಾಲೆಯ ಕಂಪ್ಯೂಟರು, ಸ್ಟುಡಿಯೋದವರ ಕಂಪ್ಯೂಟರು ಬಿಚ್ಚಿ ಸರಿ ಮಾಡಿದ್ದಳು. ಹೀಗೆ ಒಂದೊಂದೇ ಸಾಮಾನು ಆರಿಸಿ ಹೊಸದಾಗಿ ದೊಡ್ಡದೊಂದನ್ನು ಕಟ್ಟುವ ಕೆಲಸ ಅವಳಿಗೆ ಇದೇ ಮೊದಲು. ನನ್ನ ಮಗ ಆಗಲೇ ತುಮಕೂರಿನ ಒಂದು ಗೋಡೌನಿನಲ್ಲಿ ಅವಳಿಗೆ ಸರಕು ಬರೆದುಕೊಳ್ಳುವ ಕೆಲಸ ಮಾತಾಡಿಟ್ಟಿದ್ದ. "ಇದೊಂದು ಸರಿಯಾಗಿ ಹೋದ್ರೆ ಅಂಗ್ಡೀಲೇ ಇರು. ಹೋಗ್ಲಿಲ್ಲ ಅಂದ್ರೆ ಸುಮ್ನೆ ತುಮಕೂರಿಗೆ ಹೊರಡು," ಎಂದು ಅವಳ ಮುಖ ನೋಡಿಯೇ ಹೇಳಿದ. ಅವಳು ಸರಿ ಎಂದಳು.

ಗಿರಾಕಿ ಮಾತ್ರ ಅವಳ ಮುಖ ನೋಡಲಿಲ್ಲ. ಕೇಳುವುದನ್ನೆಲ್ಲ ನನ್ನನ್ನು ಕೇಳಿದ. "ನೀವು ಜೊತೇಲಿದ್ದು ನೋಡ್ಕೊಂಡ್ರೆ ಪರ್ವಾಗಿಲ್ಲವ್ವಾ. ಕರೆಂಟಿನ ವಿಷಯ ನಿಮ್ಗಿಂತ ಯಾರಿಗ್ ಗೊತ್ತು," ಅಂದ. ಆ ಮಾತಿಗೆ ನಾನು ಉಬ್ಬಿದೆ. ಉಬ್ಬಿದ್ದು ನಿಜ, ಮುಚ್ಚಿಡುವುದು ಯಾಕೆ?

ಅವಳು ಪಟ್ಟಿ ಬರೆದದ್ದು ನನ್ನ ವೈಂಡಿಂಗ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ. ಆ ಪುಸ್ತಕದಲ್ಲಿ ಯಾವ ಮೋಟರಿಗೆ ಎಷ್ಟು ಸುತ್ತು, ಯಾವ ಗೇಜಿನ ತಂತಿ, ಎಷ್ಟು ತಾಮ್ರ ಎಂದು ಗುರುತು ಹಾಕಿರುತ್ತೇನೆ. ನಾನು ಅಂದುಕೊಂಡದ್ದು ಎಲ್ಲಕ್ಕಿಂತ ದುಬಾರಿಯದನ್ನೇ ತಂದು ಜೋಡಿಸಿದರೆ ಆಯಿತು ಎಂದು. ಅವಳು ಮೊದಲು ಕೇಳಿದ್ದು ಪರದೆಯ ವಿಷಯ. ಎಷ್ಟು ದೊಡ್ಡದು, ಎಷ್ಟು ಚುಕ್ಕಿಯದು, ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುತ್ತದೆ. ಪರದೆ ಗೊತ್ತಾದರೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಯಾವುದೆಂದು ಗೊತ್ತಾಗುತ್ತದೆ. ಕಾರ್ಡಿಗೆ ತಕ್ಕ ಪ್ರೊಸೆಸರು. ಪ್ರೊಸೆಸರಿಗೆ ತಕ್ಕ ಮದರ್‌ಬೋರ್ಡು. ನನಗೆ ಥಟ್ಟನೆ ಅರ್ಥವಾಯಿತು. ನಾವೂ ಅಷ್ಟೇ, ರೈತ ಬಂದು ಮೋಟರ್ ಕೇಳಿದರೆ ಮೊದಲು ಕೊಳವೆಬಾವಿ ಎಷ್ಟು ಅಡಿ ಎಂದು ಕೇಳುತ್ತೇವೆ. ಹಾಗೆಂದೆ. ಅವಳು ನಕ್ಕು, "ಅಂಗೇ ಕಣಜ್ಜಿ," ಅಂದಳು. ಆ ವಾರ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಮಾತಾಡಿದಷ್ಟು ಅವಳು ಹುಟ್ಟಿದ ಮೇಲೆ ಮಾತಾಡಿರಲಿಲ್ಲ.

ಗಿರಾಕಿಗೆ ಮುಂದುಗಡೆ ಗಾಜು, ಒಳಗೆಲ್ಲ ಬಣ್ಣದ ದೀಪ ಇರುವ ಪೆಟ್ಟಿಗೆ ಬೇಕಿತ್ತು. ಇವಳು ಬೇಡ ಅಂದಳು. ಪಾವಗಡದ ಬಿಸಿಲಿಗೆ ಗಾಜಿನ ಮುಖ ಗಾಳಿ ತಡೆಯುತ್ತದೆ, ಜಾಲರಿಯದೇ ಬೇಕು, ಧೂಳು ಹಿಡಿಯುವ ಬಲೆ ಬಿಚ್ಚಿ ತೊಳೆಯುವಂತಿರಬೇಕು ಅಂದಳು. ಅವನು ನನ್ನ ಕಡೆ ನೋಡಿದ. ನಾನು ತಲೆ ಆಡಿಸಿದೆ. ಆಮೇಲೆ ಒಪ್ಪಿದ. ನೀರು ಹರಿಸಿ ತಣ್ಣಗೆ ಮಾಡುವ ಕೂಲರು ನೋಡಿದ್ದೇನೆ, ಅದು ಬೇಕು ಅಂದ. ಅದು ಸೋರಿದರೆ ನಿಮ್ಮೂರಲ್ಲಿ ಯಾರ ಹತ್ತಿರ ಹೋಗುತ್ತೀರಿ, ದಪ್ಪ ರೆಕ್ಕೆಯ ಗಾಳಿ ಕೂಲರೇ ಸಾಕು ಅಂದಳು. ಮತ್ತೆ ನನ್ನ ಕಡೆ ನೋಡಿದ. ಮತ್ತೆ ತಲೆ ಆಡಿಸಿದೆ. ಅವನು ಹೋದ ಮೇಲೆ ಮೊಮ್ಮಗಳು ಪೆನ್ಸಿಲನ್ನು ಒತ್ತಿ ಒತ್ತಿ ಬರೆಯುತ್ತಿದ್ದಳು. ನನಗೆ ಆವತ್ತೇ ತಿಳಿಯಬೇಕಿತ್ತು.

ಒಂದು ತೊಡಕು ಬಂತು. ಅವಳು ಗುರುತಿಸಿದ ಕಾರ್ಡು ಮೂರು ಫ್ಯಾನಿನದು, ಒಂದು ಅಡಿಗಿಂತ ತುಸು ಉದ್ದ. ಪೆಟ್ಟಿಗೆಯಲ್ಲಿ ಅದು ಹಿಡಿಯುತ್ತದೆ ಎಂದು ಬರೆದಿತ್ತು. ಆದರೆ ಮುಂದಿನ ಫ್ಯಾನು ಕೂರಿಸಿದ ಮೇಲೆ ಜಾಗ ಒಂದು ಬೆರಳು ಕಡಿಮೆ ಬೀಳುತ್ತಿತ್ತು. ಅದನ್ನು ಹಾಳೆಯ ಮೇಲೆ ಗೆರೆ ಎಳೆದು, ನನ್ನ ಸ್ಟೀಲ್ ಸ್ಕೇಲು ಇಟ್ಟು ಅವಳೇ ಕಂಡುಹಿಡಿದಳು, ಸಾಮಾನು ತರುವುದಕ್ಕೂ ಮುಂಚೆ. ಪೆಟ್ಟಿಗೆ ಬದಲಾಯಿಸಿದಳು. ರ‍್ಯಾಮಿನ ಬೆಲೆ ಏರಿಬಿಟ್ಟಿತ್ತು. ದೊಡ್ಡದೊಂದರ ಬದಲು ಒಟ್ಟು ಅಷ್ಟೇ ಅಳತೆಯಾಗುವ ಸಣ್ಣ ಜೋಡಿ ಹಾಕಿದರೆ ಕೆಲಸ ಚುರುಕು ಎಂದು ಜೋಡಿ ಬರೆದಳು.

ಉಳಿದದ್ದು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಇಳಿಸಿ, ಸೋಸಿ, ಒಳಗಿನ ಎಲ್ಲ ಸಾಮಾನಿಗೂ ಹಂಚುವ ಡಬ್ಬಿ ಅದು. ಕಾರ್ಡು ಎಷ್ಟು ಎಳೆಯುತ್ತದೆ, ಪ್ರೊಸೆಸರು ಎಷ್ಟು, ಫ್ಯಾನುಗಳು ಎಷ್ಟು ಎಂದು ಕೂಡಿಸಿ, ಮೇಲೆ ಒಂದಷ್ಟು ಬಿಟ್ಟು, ಎಂಟುನೂರ ಐವತ್ತು ವ್ಯಾಟಿನದು ಬರೆದಳು. ಯಾವುದು ಎಂದು ಹೆಸರು ಸಮೇತ ಬರೆದು ಎರಡು ಗೆರೆ ಎಳೆದಳು. ಅದನ್ನು ಬಿಚ್ಚಿ ಪರೀಕ್ಷೆ ಮಾಡಿದವರ ವಿಡಿಯೋ ನೋಡಿದ್ದೇನೆ, ಇದಕ್ಕೆ ಬದಲಿ ಬೇಡ ಅಂದಳು.

ಸಾಮಾನೆಲ್ಲ ಶಿರಾದ ಒಂದು ಅಂಗಡಿಗೆ ತರಿಸಿದ್ದೆವು. ಅಂಗಡಿಯ ಹಿರಿಯರು ಇಪ್ಪತ್ತು ವರ್ಷದಿಂದ ನಮಗೆ ಎನಾಮಲ್ ತಂತಿ ಕೊಡುವವರು; ಈಚೆಗೆ ಕಂಪ್ಯೂಟರ್ ಸಾಮಾನೂ ಇಟ್ಟಿದ್ದಾರೆ. ತರುವ ದಿನ ಮೊಮ್ಮಗಳು ಡಿಪ್ಲೊಮಾದ ಕಾಗದ ಪಡೆಯಲು ಕಾಲೇಜಿಗೆ ಹೋಗಬೇಕಾಯಿತು. ಪಟ್ಟಿ ಹಿಡಿದು ನಾನೇ ಶಿರಾ ಬಸ್ಸು ಹತ್ತಿದೆ.

ಇಲ್ಲಿ ನಮ್ಮ ಕಸುಬಿನ ಮಾತೊಂದು ಹೇಳಬೇಕು. ಸುಟ್ಟ ಮೋಟರ್ ಬಂದರೆ ಹಳೆಯ ತಾಮ್ರ ಕಿತ್ತು ತೂಗುತ್ತೇವೆ. ಹೊಸದಾಗಿ ಸುತ್ತಿದ ತಾಮ್ರವೂ ಅಷ್ಟೇ ತೂಗಬೇಕು. ಕಡಿಮೆ ಬಂದರೆ ಯಾರೋ ಸುತ್ತು ತಿಂದಿದ್ದಾರೆ, ಇಲ್ಲವೇ ತೆಳು ತಂತಿ ಹಾಕಿದ್ದಾರೆ ಎಂದು ಅರ್ಥ. ತಕ್ಕಡಿ ಇಲ್ಲದಿದ್ದರೂ ಕೈಯಲ್ಲಿ ಎತ್ತಿದರೆ ನನಗೆ ಗೊತ್ತಾಗುತ್ತದೆ. ತೂಕ ಇದ್ದದ್ದು ಒಳ್ಳೆಯದು, ಹಗುರ ಇದ್ದದ್ದು ಮೋಸ. ನಲವತ್ತು ವರ್ಷ ಆ ಲೆಕ್ಕದಲ್ಲೇ ಬಾಳಿದ್ದೇನೆ.

ಶಿರಾದ ಹಿರಿಯರು ಪಟ್ಟಿಯಲ್ಲಿದ್ದ ಎಸ್‌ಎಂಪಿಎಸ್ ತೆಗೆದುಕೊಟ್ಟರು. ಎತ್ತಿ ನೋಡಿದೆ. ಸಣ್ಣದು, ಕೈಗೆ ಏನೂ ಅನ್ನಿಸಲಿಲ್ಲ. ಮೂಲೆಯ ಕಪಾಟಿನಲ್ಲಿ ಇನ್ನೊಂದಿತ್ತು, ದೊಡ್ಡದು, ಮೇಲೆ ಸಾವಿರ ವ್ಯಾಟು ಎಂದು ಬರೆದಿತ್ತು. ಕೊಡಿ ಎಂದು ಕೇಳಿ ಎತ್ತಿದೆ. ಕೈ ಜಗ್ಗಿತು. ಎರಡನ್ನೂ ತಂತಿ ತೂಗುವ ತಕ್ಕಡಿಗೆ ಹಾಕಿಸಿದೆ. ದೊಡ್ಡದು ಒಂದೂವರೆ ಪಟ್ಟು ತೂಗಿತು.

"ಅಮ್ಮಾ, ಅದು ಹಳೇ ಮಾಲು," ಅಂದರು ಅವರು. "ಯಾರೋ ಬೇಡ ಅಂತ ವಾಪಸ್ ಕೊಟ್ಟೋದ್ರು. ಅದಕ್ಕೆ ನಾನು ಭರೋಸಾ ಕೊಡಲ್ಲ. ಹುಡುಗಿ ಬರ್ದಿರೋದು ಇದು, ಇದನ್ನೇ ತಗೊಂಡೋಗಿ."

"ನೀವು ತಂತಿ ಮಾರೋರು ಸಾಹೇಬ್ರೆ, ನಾನು ತಂತಿ ಸುತ್ತೋಳು," ಅಂದೆ.

ಅವರು ನಕ್ಕು ಕೈ ಚೆಲ್ಲಿದರು. ಸುತ್ತೋರಿಗೆ ನಾನೇನು ಹೇಳಲಿ, ಬೇಡವಾದರೆ ವಾಪಸ್ ತನ್ನಿ ಎಂದು ಕಟ್ಟಿಕೊಟ್ಟರು. ದುಡ್ಡು ಉಳಿಸುವ ಆಸೆಗೆ ನಾನು ಅದನ್ನು ತಂದದ್ದಲ್ಲ. ನನಗೆ ಗೊತ್ತಿದೆ ಅನ್ನುವ ಸೊಕ್ಕಿಗೆ ತಂದೆ.

ಸಂಜೆ ಮೊಮ್ಮಗಳು ಬಂದು ಒಂದೊಂದೇ ಡಬ್ಬ ಪಟ್ಟಿಗೆ ಹೋಲಿಸಿ ಗುರುತು ಹಾಕುತ್ತಾ ಬಂದಳು. ಇದಕ್ಕೆ ಬಂದಾಗ ಕೈ ನಿಂತಿತು. ಇದು ನಾನು ಬರೆದದ್ದಲ್ಲ ಅಂದಳು. ಅದಕ್ಕಿಂತ ಒಳ್ಳೆಯದು, ತೂಕ ನೋಡು ಅಂದೆ. ಇದು ಮೋಟರ್ ಅಲ್ಲ ಅಜ್ಜಿ, ಇದರಲ್ಲಿ ತಾಮ್ರದ ತೂಕ ಲೆಕ್ಕಕ್ಕಿಲ್ಲ, ನಾಳೆ ಶಿರಾಕ್ಕೆ ಹೋಗಿ ಬದಲಾಯಿಸಿಕೊಂಡು ಬರುತ್ತೇನೆ ಅಂದಳು. ಆಗ ನಾನು ಆಡಬಾರದ ಮಾತು ಆಡಿದೆ. "ನೀನು ಹುಟ್ಟೋಕ್ ಮುಂಚೆಯಿಂದ ಕರೆಂಟ್ ಜೊತೆ ಬಾಳ್ತಿದೀನಿ ಕಣಮ್ಮ. ಆ ಗಿರಾಕಿ ನಂಬ್ಕೊಂಡಿರೋದು ನನ್ನ, ನಿನ್ನಲ್ಲ."

ಅವಳು ಆ ಡಬ್ಬಿಯನ್ನು ಉಳಿದ ಸಾಮಾನಿನ ಪಕ್ಕಕ್ಕೆ ಸರಿಸಿದಳು. "ಸರಿ, ಹಾಕ್ತೀನಿ. ನೀನ್ ಹೇಳ್ದೆ ಅಂತ ಹಾಕ್ತೀನಿ," ಅಂದಳು.

ಎರಡು ದಿನ ಕೂತು ಕಟ್ಟಿದಳು. ನೆಲಕ್ಕೆ ರಬ್ಬರು ಹಾಸಿ, ಕೈಗೆ ತಂತಿ ಕಟ್ಟಿ ಅರ್ಥಿಂಗಿಗೆ ಸಿಕ್ಕಿಸಿಕೊಂಡು, ಮೈಯಲ್ಲಿನ ಸಣ್ಣ ಕರೆಂಟೂ ಬೋರ್ಡಿಗೆ ತಾಗದ ಹಾಗೆ ಕೆಲಸ ಮಾಡಿದಳು. ಪ್ರೊಸೆಸರಿನ ಮೇಲೆ ಶಾಖ ದಾಟಿಸುವ ಅಂಟನ್ನು ಅವರೆಕಾಳಿನಷ್ಟು ಇಟ್ಟು ಕೂಲರನ್ನು ಒತ್ತಿ, ನಾಲ್ಕು ಸ್ಕ್ರೂಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದಳು. ವೈರುಗಳನ್ನು ಬೋರ್ಡಿನ ಹಿಂದೆ ಕಟ್ಟಿದ ಕಟ್ಟು ನೋಡಿದರೆ, ಮೋಟರಿನ ಕಾಯಿಲುಗಳಿಗೆ ನಾನು ಹಾಕುವ ದಾರದ ಕಟ್ಟೇ ಅದು. ಚಿಕ್ಕವಳಿದ್ದಾಗ ನನ್ನ ಮಗ್ಗುಲಲ್ಲಿ ಕೂತು ನೋಡಿ ಕಲಿತದ್ದು.

ಪಂದ್ಯಕ್ಕೆ ಒಂದು ವಾರ ಇರುವಾಗ, ಭಾನುವಾರ ಬೆಳಿಗ್ಗೆ, ಗಿರಾಕಿ ಬಂದ. ಮಗ, ಸೊಸೆ ಎಲ್ಲರೂ ನೆರೆದೆವು. ಗುಂಡಿ ಒತ್ತಿದಳು. ಫ್ಯಾನುಗಳು ತಿರುಗಿದವು, ಪರದೆ ಬೆಳಗಿತು. ಸೊಸೆ ಕೈ ಮುಗಿದಳು. ಇನ್ನು ಅರ್ಧ ಗಂಟೆ ಪೂರ್ತಿ ಭಾರ ಹಾಕಿ ಓಡಿಸಿ ನೋಡಬೇಕು, ಅಲ್ಲಿಯವರೆಗೆ ಕೊಡುವುದಿಲ್ಲ ಅಂದಳು ಮೊಮ್ಮಗಳು. ಹತ್ತು ನಿಮಿಷಕ್ಕೆ ಯಂತ್ರ ತನ್ನಷ್ಟಕ್ಕೆ ಆರಿತು. ಮತ್ತೆ ಹಚ್ಚಿದಳು. ಐದು ನಿಮಿಷಕ್ಕೆ ಆರಿತು. ಅವಳು ನನ್ನ ಕಡೆ ನೋಡಿ, ಇಲ್ಲಿಗೆ ನಿಲ್ಲಿಸೋಣ, ಎಸ್‌ಎಂಪಿಎಸ್ ಬದಲಿಸಿ ನೋಡೋಣ ಅಂದಳು. ಗೋಡೆಯ ಕರೆಂಟು ಕುಣಿಯುತ್ತಿರಬೇಕು, ಇನ್ನೊಂದು ಸಲ ಹಚ್ಚು ಅಂದವಳು ನಾನು. ಮೂರನೇ ಸಲ ಒಳಗೆ ಪಟ್ಟೆಂದಿತು. ಆಮೇಲೆ ವಾಸನೆ. ಆ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಿರಾಕಿ ಎದ್ದು ನಿಂತ. "ನೋಡವ್ವಾ, ನಿಮ್ ಮುಖ ನೋಡಿ ಕೊಟ್ಟೆ ನಾನು. ಈ ಪಾಪ ಕೈಲಿ ಕಟ್ಟಿಸಿದ್ದೇ ತಪ್ಪಾಯ್ತು," ಅಂದ. ಆ ಕಡೆಯವರು ಹುಡುಗಿಯರನ್ನು ಪಾಪ ಅನ್ನುತ್ತಾರೆ. ಉಳಿದ ಸಾಮಾನು ಕೊಟ್ಟುಬಿಡಿ, ಬೇರೆ ಊರಲ್ಲಿ ಕಟ್ಟಿಸಿಕೊಳ್ಳುತ್ತೇನೆ ಎಂದು ಹೇಳಿ ಹೊರಟ. ಯಾವುದು ಸತ್ತಿದೆ, ಯಾವುದು ಬದುಕಿದೆ ನೋಡಿ ಹೇಳುತ್ತೇನೆ, ಎರಡು ದಿನ ಕೊಡಿ ಎಂದು ಮೊಮ್ಮಗಳು ಅವನ ಹಿಂದೆ ಬಾಗಿಲ ತನಕ ಹೋದಳು. ಮಗ ಅವಳನ್ನು ಎಲ್ಲರ ಎದುರಿಗೇ ಬೈದ. ಡಿಪ್ಲೊಮಾ ಕಾಗದ ಒಲೆಗೆ ಹಾಕು ಅಂದ. ತುಮಕೂರಿನವರಿಗೆ ಫೋನು ಮಾಡಿ ಮುಂದಿನ ಸೋಮವಾರದಿಂದ ಬರುತ್ತಾಳೆ ಅಂದ. ನಾನು ಅಲ್ಲೇ ಇದ್ದೆ. ತಪ್ಪು ನನ್ನದು ಅನ್ನುವುದಕ್ಕೆ ಬಾಯಿ ಬರಲಿಲ್ಲ. ಅವಳೂ ಹೇಳಲಿಲ್ಲ.

ಸೋಮವಾರ ಅವಳು ಸುಟ್ಟ ಡಬ್ಬಿಯೊಂದನ್ನು ಬಿಟ್ಟು ಉಳಿದ ಸಾಮಾನೆಲ್ಲ ಹೊತ್ತು ಶಿರಾಕ್ಕೆ ಹೋದಳು. ಆ ಹಿರಿಯರು ತಮ್ಮ ಮೇಜು ಬಿಟ್ಟುಕೊಟ್ಟರಂತೆ. ಪಟ್ಟಿಯಲ್ಲಿದ್ದ ಆ ಸಣ್ಣ ಎಸ್‌ಎಂಪಿಎಸ್ ಹಾಕಿ ಒಂದೊಂದನ್ನೇ ಪರೀಕ್ಷೆ ಮಾಡಿದಳು. ಕಾರ್ಡು ಬದುಕಿತ್ತು, ಪ್ರೊಸೆಸರು ಬದುಕಿತ್ತು, ರ‍್ಯಾಮೂ ಸರಿ. ಮದರ್‌ಬೋರ್ಡು ಸತ್ತಿತ್ತು.

ಅವಳು ಇಲ್ಲದ ಹೊತ್ತಿನಲ್ಲಿ ನಾನು ಆ ದೊಡ್ಡ ಡಬ್ಬಿ ಬಿಚ್ಚಿದೆ. ಕೆಪಾಸಿಟರಿನಲ್ಲಿ ನಿಂತಿದ್ದ ಕರೆಂಟನ್ನು ಮೊದಲು ಬಲ್ಬಿಗೆ ಹಿಡಿದು ಇಳಿಸಿದೆ. ಮುಚ್ಚಳದ ಒಳಮೈಗೆ ಒಂದು ಗಡ್ಡೆ ಕೂರಿಸಿದ್ದರು. ಕಬ್ಬಿಣದ ತೆಳು ಪಟ್ಟಿಗಳ ಕಂತೆ, ಅದರ ಸುತ್ತ ತಂತಿ. ನಾನು ತಾಮ್ರ ಅಂದುಕೊಂಡ ತೂಕ ಆ ಕಬ್ಬಿಣದ್ದು. ಸುತ್ತು ಬಿಚ್ಚಿ ತಾಮ್ರವನ್ನು ತಕ್ಕಡಿಗೆ ಹಾಕಿದೆ. ಒಂದು ಹಿಡಿ ಕಡಲೆಕಾಯಿಯಷ್ಟೂ ತೂಗಲಿಲ್ಲ. ಹೊರಗೆ ಹೋಗುವ ವೈರುಗಳಿಗೆ ತಂತಿಯ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದೆ. ಹೊರಗೆ ಬರೆದಿದ್ದ ಸಾವಿರ ವ್ಯಾಟು ಆ ತಂತಿಯಲ್ಲಿ ಹರಿಯುವ ಮಾತೇ ಇಲ್ಲ. ಬಿಚ್ಚಿ ನೋಡಿದ್ದರೆ ತರುವ ದಿನವೇ ನನಗೆ ಗೊತ್ತಾಗುತ್ತಿತ್ತು. ಬಿಚ್ಚಿ ನೋಡಿದವರ ಮಾತನ್ನೇ ಅವಳು ನಂಬಿದ್ದಳು. ನಾನು ಬಿಚ್ಚದೇ ತೂಗಿದೆ. ಎಲ್ಲವನ್ನೂ ಗುಜರಿ ಚೀಲದ ತಳಕ್ಕೆ ತಳ್ಳಿ ಮೇಲೆ ಹಳೇ ಬೇರಿಂಗು ಸುರಿದೆ.

ಮಂಗಳವಾರ, ಬುಧವಾರ ಕಳೆದವು. ಮಗ ಊಟಕ್ಕೆ ಕೂತಾಗಲೆಲ್ಲ ಅವಳನ್ನು ಚುಚ್ಚಿದ. ಅವಳು ತಲೆ ಎತ್ತಲಿಲ್ಲ. ನಾನು ದೊಡ್ಡೇರಿಯ ರೈತನ ಮೋಟರಿಗೆ ತಂತಿ ಸುತ್ತುತ್ತಾ ಕೂತೆ. ಕೈ ಸುತ್ತುತ್ತಿತ್ತು, ನೆನಪು ಬೇರೆ ಕಡೆ ಹೋಗುತ್ತಿತ್ತು. ನನ್ನ ಯಜಮಾನರು ಇದ್ದಾಗ ಅಂಗಡಿ ಅವರ ಹೆಸರಿನದು. ಸುತ್ತುವುದೆಲ್ಲ ಒಳಗೆ ಕೂತು ನಾನೇ ಸುತ್ತುತ್ತಿದ್ದೆ. ಹೊರಗೆ ರೈತರು ಬಂದು, ನಿಮ್ಮ ಕೈಯ ವೈಂಡಿಂಗು ಐದು ವರ್ಷ ಅಲ್ಲಾಡಲ್ಲ ಸ್ವಾಮಿ ಎಂದು ಹೊಗಳುವುದು ನನಗೆ ಕೇಳುತ್ತಿತ್ತು. ಯಜಮಾನರು ಒಂದು ದಿನವೂ, ಸುತ್ತಿದವಳು ಒಳಗಿದ್ದಾಳೆ ಎಂದು ಹೇಳಲಿಲ್ಲ. ಕೆಟ್ಟವರಲ್ಲ, ಸುಮ್ಮನಿದ್ದರು ಅಷ್ಟೆ. ಆ ಸುಮ್ಮನಿರುವುದು ಹೇಗಿರುತ್ತದೆ ಎಂದು ನನ್ನಷ್ಟು ಚೆನ್ನಾಗಿ ಉಂಡವರು ಯಾರೂ ಇಲ್ಲ. ಈಗ ಅದನ್ನೇ ನಾನು ಅವಳಿಗೆ ಬಡಿಸುತ್ತಿದ್ದೆ.

ಗುರುವಾರ ಮಧ್ಯಾಹ್ನ ವಾರ್ನಿಷ್ ಒಣಗಿಸುವ ಕಡೆಗೆ ಹೋದಾಗ, ಗೋಡೆಯ ಆಚೆ ಅವಳು ಗಿರಾಕಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು. "ಇಲ್ಲಣ್ಣ, ಅಜ್ಜೀದೇನೂ ಇಲ್ಲ. ಆ ಡಬ್ಬಿ ಆರಿಸ್ದೋಳು ನಾನೇ. ಹೌದು, ನಂದೇ ತಪ್ಪು," ಅನ್ನುತ್ತಿದ್ದಳು.

ಅವಳು ಫೋನು ಇಟ್ಟ ಮೇಲೆ ಹೋಗಿ ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು.

"ನೀನು ಕರೆಂಟಿನ ವಿಷಯ್ದಲ್ಲಿ ತಪ್ದೆ ಅಂತ ಗೊತ್ತಾದ್ರೆ ನಾಳೆ ಯಾರು ಮೋಟರ್ ತರ್ತಾರೆ ಇಲ್ಲಿಗೆ? ನಿನ್ ಹೆಸ್ರು ಹೋದ್ರೆ ಅಂಗ್ಡಿ ಹೋಯ್ತದೆ," ಅಂದಳು. ಆಮೇಲೆ ವೈರಿನ ತುಂಡುಗಳನ್ನು ಗುಡಿಸುತ್ತಾ ಅಂದಳು, "ನಂದು ಹೋಗಕ್ಕೆ ಇನ್ನೂ ಹೆಸ್ರೇ ಇಲ್ವಲ್ಲಜ್ಜಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು.

ಗುಜರಿ ಚೀಲ ನೆಲಕ್ಕೆ ಸುರಿದೆ. ಕಬ್ಬಿಣದ ಗಡ್ಡೆ, ಬಿಚ್ಚಿದ ತಂತಿ, ಸಿಡಿದ ಕೆಪಾಸಿಟರು ಎಲ್ಲವನ್ನೂ ಒಂದು ಟವೆಲಿನಲ್ಲಿ ಕಟ್ಟಿದೆ. ಮಗ ಪಂಪು ಕೊಟ್ಟು ವಾಪಸ್ ಬಂದಾಗ ಅವನ ಮುಂದೆ ಬಿಚ್ಚಿಟ್ಟು, ಶಿರಾದಿಂದ ಶುರುಮಾಡಿ ಎಲ್ಲ ಹೇಳಿದೆ. ಅವನು ಕೂಗಾಡುತ್ತಾನೆ ಅಂದುಕೊಂಡಿದ್ದೆ. ಆ ಗಡ್ಡೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ನಾಕ್ ದಿನ ಅವಳಿಗೆ ಏನೇನ್ ಅಂದೆ ನಾನು," ಅಂದ. "ನೀನು ಮಗ್ಗುಲಲ್ಲೇ ಕೂತ್ಕೊಂಡು ಮುದ್ದೆ ಮುರೀತಿದ್ಯಲ್ಲಮ್ಮ."

ನಾನು ಎಲ್ಲವನ್ನೂ ಮತ್ತೆ ಟವೆಲಿನಲ್ಲಿ ಕಟ್ಟಿದೆ.

ಶುಕ್ರವಾರ ಮೊದಲ ಬಸ್ಸಿಗೆ ಪಾವಗಡಕ್ಕೆ ಹೋದೆ. ಗಿರಾಕಿ ಕೆಲಸಕ್ಕೆ ಹೊರಟಿದ್ದ, ಬಾಗಿಲಲ್ಲೇ ಸಿಕ್ಕ. ಟವೆಲ್ ಬಿಚ್ಚಿದೆ. ಅವನೂ ಎಲೆಕ್ಟ್ರಿಷಿಯನ್, ಬಿಡಿಸಿ ಹೇಳುವುದು ಬೇಕಾಗಲಿಲ್ಲ.

"ಏಮವ್ವಾ ಇದಿ," ಅಂದ, ಏನಿದು ಎಂದು ತೆಲುಗಿನಲ್ಲಿ. "ತಪ್ಪು ತನ್ದೇ ಅಂತ ಆ ಪಾಪ ಹೇಳ್ತಲ್ಲ ನಿನ್ನೆ."

"ಸುಳ್ ಹೇಳೌಳೆ, ನನ್ನ ಉಳ್ಸಕ್ಕೆ," ಅಂದೆ. "ಅವಳು ಬರ್ದಿದ್ದು ಬೇರೆ. ಅದನ್ನ ಬುಟ್ಟು ಇದನ್ನ ತಂದೋಳು ನಾನು."

ಅವನಿಗೆ ಸಿಟ್ಟು ಬಂತು. ಬರಬೇಕಾದದ್ದೇ. ನಿಮ್ಮನ್ನು ನಂಬಿ ಕೊಟ್ಟೆ, ಆ ಹುಡುಗಿಯನ್ನು ನಂಬಿ ಅಲ್ಲ ಅಂದ. ಅಲ್ಲೇ ಕೆಟ್ಟಿದ್ದು, ನೀನೂ ನಾನೂ ಇಬ್ಬರೂ ಅವಳನ್ನು ನಂಬಲಿಲ್ಲ ಅಂದೆ. ಬೋರ್ಡು ನಾನು ಕೊಡಿಸುತ್ತೇನೆ, ಅವಳು ಇಲ್ಲಿಗೇ ಬಂದು ನಿನ್ನ ಕಣ್ಣೆದುರು ಕಟ್ಟಲಿ, ಏನು ಕೇಳುವುದಿದ್ದರೂ ಅವಳನ್ನೇ ಕೇಳು, ನಾನು ಈ ಕಡೆ ಬರುವುದಿಲ್ಲ ಅಂದೆ. ಅವನು ಚಪ್ಪಲಿ ಹಾಕಿಕೊಂಡು, ಬಿಟ್ಟು, ಮತ್ತೆ ಹಾಕಿಕೊಂಡ. ಕೊನೆಗೆ ಫೋನು ತೆಗೆದು ಅವಳಿಗೇ ಮಾಡಿದ. ಕಾರ್ಡಿಗೆ ಏನೂ ಆಗಿಲ್ಲ ಅಂತ ಹೇಗೆ ನಂಬಲಿ ಎಂದು ಕೇಳಿದ. ಅವಳು ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅವನು ಮಾತ್ರ ಹತ್ತು ನಿಮಿಷ ನಿಂತ ಜಾಗದಲ್ಲೇ ನಿಂತು ಹ್ಞೂಂ ಹ್ಞೂಂ ಅಂದ. "ಸರೇಮ್ಮಾ, ನಾಳೆ ಬಾ," ಎಂದು ಇಟ್ಟ.

ಅದೇ ಮದರ್‌ಬೋರ್ಡು ಶಿರಾದಲ್ಲಿ ಇರಲಿಲ್ಲ. ಕೊರಟಗೆರೆಯ ಸ್ಟುಡಿಯೋ ಒಂದರವರು ತಮಗೆಂದು ತರಿಸಿಕೊಂಡು ಬಿಚ್ಚದೇ ಇಟ್ಟಿದ್ದಾರೆ ಎಂದು ಮೊಮ್ಮಗಳು ಹುಡುಕಿದಳು. ಶುಕ್ರವಾರ ಸಂಜೆ ಅವಳಪ್ಪನೇ ಬೈಕಿನಲ್ಲಿ ಹೋಗಿ ತಂದ. ಶನಿವಾರ ಬೆಳಿಗ್ಗೆ ಇಬ್ಬರೂ ಎಲ್ಲ ಸಾಮಾನು ಕಟ್ಟಿಕೊಂಡು ಪಾವಗಡಕ್ಕೆ ಹೊರಟರು. ಅವಳು ನನಗೆ ಹೋಗಿ ಬರುತ್ತೇನೆ ಅನ್ನಲಿಲ್ಲ. ಕಟ್ಟಿ, ಎರಡು ಗಂಟೆ ಪೂರ್ತಿ ಭಾರ ಹಾಕಿ ಓಡಿಸಿ, ಶಾಖ ಎಷ್ಟು ಎಂದು ಬರೆದುಕೊಟ್ಟು ಸಂಜೆ ಬಂದರು. ಭಾನುವಾರ ಪಂದ್ಯದ ಹೊತ್ತಿಗೆ ನೀನು ಇಲ್ಲೇ ಇರು ಎಂದು ಗಿರಾಕಿ ಅವಳನ್ನು ಕರೆದನಂತೆ. ಹಾಗಾಗಿ ಭಾನುವಾರ ಮತ್ತೆ ಹೋದರು.

ಆ ದಿನ ನಾನು ಅಂಗಡಿಯಲ್ಲಿ ಒಬ್ಬಳೇ ಕೂತು ಕಾಯಿಲ್ ಸುತ್ತಿದೆ. ಎಣಿಕೆ ತಪ್ಪಿತು. ಬಿಚ್ಚಿ ಮತ್ತೆ ಸುತ್ತಿದೆ, ಮತ್ತೆ ತಪ್ಪಿತು. ಮೂರೂವರೆಗೆ ಮಗನ ಫೋನು ಬಂತು. "ನಾಕ್ ಗಂಟೆ ಓಡ್ತಮ್ಮ. ಒಂದ್ ದಪನೂ ಆರ್ಲಿಲ್ಲ," ಅಂದ. ನಾನು ಬಾಗಿಲಿಗೆ ಬಂದು ಬೀದಿಯಲ್ಲಿ ಮೊದಲು ಸಿಕ್ಕವರಿಗೆ ಹೇಳಿದೆ. ಅವರು ಯಾರೋ ಗೊತ್ತಿಲ್ಲ, ಬಸ್ ಸ್ಟ್ಯಾಂಡಿಗೆ ದಾರಿ ಕೇಳಲು ಬಂದವರು.

ಸಂಜೆ ಏಳಕ್ಕೆಲ್ಲ ಸೊಸೆ ಅಡಿಗೆ ಮುಗಿಸಿದ್ದಳು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಹೆಸರುಬೇಳೆ ಪಾಯಸ. ಐದೂ ಜನ, ನಾನು, ಮಗ, ಸೊಸೆ, ಮೊಮ್ಮಗಳು, ಅವಳ ತಂಗಿ, ಒಂದೇ ಸಾಲಾಗಿ ಕೂತೆವು. ಮಗ ಅಲ್ಲಿ ನಡೆದದ್ದನ್ನು ಹೇಳಿದ. ಗಿರಾಕಿಯ ತಂಡ ಪಂದ್ಯ ಸೋತಿತಂತೆ. ಆದರೂ ಅವನು, ಈ ಸಲ ಸೋತದ್ದು ನನ್ನ ಕೈಯಿಂದ, ಯಂತ್ರದಿಂದ ಅಲ್ಲ ಎಂದು ತಂಡದವರಿಗೆಲ್ಲ ಕೇಳುವ ಹಾಗೆ ಹೇಳಿದನಂತೆ. ತುಮಕೂರಿನವರಿಗೆ ಬರುವುದಿಲ್ಲ ಅಂತ ಹೇಳಿಬಿಟ್ಟೆ, ಕಿಟಕಿ ಕಡೆ ಮೇಜು ನಾಳೆ ಖಾಲಿ ಮಾಡಿಕೊಡುತ್ತೇನೆ ಅಂದ. ಮೊಮ್ಮಗಳು ತಲೆ ಬಗ್ಗಿಸಿ ಸಾರು ಕಲಸುತ್ತಿದ್ದಳು. ಅವಳ ತಂಗಿ ಪಾಯಸ ಮೊದಲೇ ಮುಗಿಸಿ ಇನ್ನಷ್ಟು ಕೇಳಿದಳು.

ಊಟದ ನಡುವೆ ಮಗನ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿ ಸ್ವಲ್ಪ ಹೊತ್ತು ಕೇಳಿದ. ಗಿರಾಕಿಯ ತಂಡದವನೊಬ್ಬ, ಅವನಿಗೂ ಅಂಥದೇ ಒಂದು ಬೇಕಂತೆ.

"ನಂಗದೆಲ್ಲ ಗೊತ್ತಾಗಲ್ಲ ಕಣಣ್ಣ. ಕಟ್ಟೋಳು ಇಲ್ಲೇ ಅವಳೆ, ಕೇಳು," ಎಂದು, ಅವಳ ಕೈ ಮುದ್ದೆಯಾಗಿತ್ತಲ್ಲ, ತಾನೇ ಫೋನನ್ನು ಅವಳ ಕಿವಿಗೆ ಹಿಡಿದ.

"ಊಟ ಮಾಡ್ತಿದೀವಿ," ಅಂದಳು ಅವಳು. "ಬೆಳಗ್ಗೆ ಒಂಬತ್ತಕ್ಕೆ ಅಂಗ್ಡಿಗೆ ಮಾಡಿ."

ಮಗ ಫೋನು ಇಟ್ಟು ಮತ್ತೆ ತಟ್ಟೆಗೆ ಕೈ ಹಾಕಿದ. ನಾನು ಅವಳನ್ನೇ ನೋಡುತ್ತಾ ಕೂತಿದ್ದೆ. ಗುರುವಾರದಿಂದ ಅವಳು ನನ್ನ ಜೊತೆ ತಾನಾಗಿ ಒಂದು ಮಾತೂ ಆಡಿರಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ, ಅಷ್ಟೆ. ನಾನು ನೋಡುತ್ತಿರುವುದು ಗೊತ್ತಾಗಿ ಈ ಕಡೆ ತಿರುಗಿದಳು.

"ನಿನ್ ಮುದ್ದೆ ಆರೋಗ್ತಾ ಐತೆ," ಅಂದಳು. "ಉಣ್ಣಜ್ಜಿ."

ಉಂಡೆ.